ಮೊದಲ ಹವಳದ ತೊಟ್ಟಿಗೆ ಯಾವ ದೀಪ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದದ ಉಪ್ಪುನೀರಿನ ತೊಟ್ಟಿಯಿದೆ. ಮನೆಗೆ ಬಂದವರು ಮೊದಲ ಸಲ ಮೀನಿನ ಬಗ್ಗೆ ಕೇಳುತ್ತಾರೆ. ತಾವೂ ಒಂದು ತೊಟ್ಟಿ ಇಡಬೇಕೆಂದು ಮನಸ್ಸು ಮಾಡಿ ಎರಡನೆಯ ಸಲ ಬಂದವರು ದೀಪದ ಬಗ್ಗೆಯೇ ಕೇಳುತ್ತಾರೆ. ಹೇಳಿದ್ದನ್ನೇ ಹೇಳುವುದಕ್ಕಿಂತ ಬರೆದಿಡುವುದು ಮೇಲು ಅನ್ನಿಸಿತು. ಇಲ್ಲಿನ ಲೆಕ್ಕವೆಲ್ಲ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ, ಸುಮಾರು 120 ಲೀಟರ್ ಹಿಡಿಯುವ ತೊಟ್ಟಿಯದು. ಹೊಸಬರಿಗೆ ಇದಕ್ಕಿಂತ ಚಿಕ್ಕದು ಕಷ್ಟ, ದೊಡ್ಡದು ದುಬಾರಿ.

ಮೀನಿನ ತೊಟ್ಟಿಯ ಮಾಮೂಲಿ ದೀಪವೇ ಸಾಲದೆ?

ಸಾಲದು. ಮೀನಿನ ತೊಟ್ಟಿಗೆ ದೀಪ ಹಾಕುವುದು ನಾವು ನೋಡಲೆಂದು. ಹವಳದ ತೊಟ್ಟಿಗೆ ದೀಪವೇ ಒಲೆ. ಊಟ ಬೇಯುವುದು ಅದರಿಂದಲೇ.

ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಝೂಕ್ಸಾಂಥೆಲೇ ಎಂಬ ಏಕಕೋಶದ ಪಾಚಿ ಲಕ್ಷಗಟ್ಟಲೆ ಬಿಡಾರ ಹೂಡಿರುತ್ತದೆ. ಬಿಡಾರದವರು ಬಾಡಿಗೆಯನ್ನು ಅಕ್ಕಿಯಲ್ಲಿ ಅಳೆದುಕೊಟ್ಟ ಹಾಗೆ, ಈ ಪಾಚಿ ಬೆಳಕಿನಿಂದ ತಯಾರಿಸಿದ ಸಕ್ಕರೆಯ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ನೆಲೆಯನ್ನೂ ಇಂಗಾಲದ ಡೈಆಕ್ಸೈಡನ್ನೂ ತನ್ನ ಮೈಯ ಸಾರಜನಕದ ಕಸವನ್ನೂ ಕೊಡುತ್ತದೆ. ಬೆಳಕು ಕಡಿಮೆಯಾದರೆ ಬಾಡಿಗೆ ಬರುವುದಿಲ್ಲ. ಬೆಳಕು ಮಿತಿಮೀರಿದರೆ ಬಿಡಾರದವರೇ ಮನೆಗೆ ಕುತ್ತಾಗುತ್ತಾರೆ; ಅದನ್ನು ಮುಂದೆ ಹೇಳುತ್ತೇನೆ.

ಈ ಪಾಚಿಯೇ ಇಲ್ಲದ ಹವಳಗಳೂ ಇವೆ. ಕಿತ್ತಳೆ ಬಣ್ಣದ ಸನ್ ಕೋರಲ್ ಅಂಥದ್ದು. ಹೆಸರಿನಲ್ಲಿ ಸೂರ್ಯನಿದ್ದರೂ ಅದಕ್ಕೆ ಬೆಳಕು ಬೇಡ. ಬಾಯಿಬಾಯಿಗೆ ಆಹಾರ ಹಾಕಬೇಕು. ಅಂಗಡಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ವರ್ಷ ಅದರ ತಂಟೆ ಬೇಡ.

ಮೊದಲು ದೀಪ ಕೊಳ್ಳಬೇಕೋ, ಹವಳ ಆರಿಸಬೇಕೋ?

ಮೊದಲು ಹವಳವನ್ನು ಆರಿಸಿ, ಆದರೆ ಕಾಗದದ ಮೇಲೆ. ಹೆಚ್ಚಿನವರು ಮೊದಲು ತಮ್ಮ ಜೇಬಿಗೆ ತಾಳುವ ಅತಿ ಬಲವಾದ ದೀಪ ತರುತ್ತಾರೆ, ಆಮೇಲೆ ಅದರ ಕೆಳಗೆ ಏನಿಡಬಹುದೆಂದು ಯೋಚಿಸುತ್ತಾರೆ. ಜಮೀನಿನಲ್ಲಿ ಏನು ಬೆಳೆಯಬೇಕೆಂದು ತೀರ್ಮಾನಿಸದೆ ಬೋರ್‌ವೆಲ್ ಕೊರೆಸುವ ಹಾಗೆ. ನಾನೂ ಅದನ್ನೇ ಮಾಡಿದ್ದೆ.

ಮೊದಲ ವರ್ಷ ಸುಣ್ಣದ ಗೂಡು ಕಟ್ಟದ ಮೃದು ಹವಳಗಳಿಗೆ ನಿಲ್ಲುತ್ತೀರಾದರೆ ದೀಪದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಕವಲು ಕವಲಾಗಿ ಬೆಳೆಯುವ ಅಕ್ರೋಪೋರಾದ ಮೇಲೆಯೇ ಕಣ್ಣಿದ್ದರೆ, ದೀಪಕ್ಕಿಂತ ಮೊದಲು ನೀರಿನ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ಒಂದು ವರ್ಷ ಒಂದೇ ಸಮನೆ ಕಾಯ್ದುಕೊಳ್ಳಲು ಕಲಿಯಿರಿ. ಆ ವರ್ಷ ಕಳೆಯುವಷ್ಟರಲ್ಲಿ ದೀಪದ ಬೆಲೆಯೂ ಇಳಿದಿರಬಹುದು.

ಪೆಟ್ಟಿಗೆಯ ಮೇಲೆ ವ್ಯಾಟ್, ಲುಮೆನ್, ಕೆಲ್ವಿನ್ ಎಂದೆಲ್ಲ ಇರುತ್ತದೆ. ಯಾವುದನ್ನು ನೋಡಬೇಕು?

ಯಾವುದನ್ನೂ ನಂಬಿ ಕೂರಬೇಡಿ. ನೋಡಬೇಕಾದ್ದು ಪಾರ್.

ಬೆಳಕಿನ 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಭಾಗವನ್ನು ಸಸ್ಯ, ಪಾಚಿಗಳು ಆಹಾರ ತಯಾರಿಕೆಗೆ ಬಳಸಿಕೊಳ್ಳುತ್ತವೆ. ಆ ಭಾಗದ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಹವಳ ಸಾಕುವವರ ಬಾಯಲ್ಲಿ ಅದು ಬರೀ ಪಾರ್: ಮರಳಿನ ಮೇಲೆ 60 ಪಾರ್, ಕಲ್ಲಿನ ತುದಿಯಲ್ಲಿ 200 ಪಾರ್, ಹೀಗೆ. ಉಷ್ಣವಲಯದ ನಡುಹಗಲಿನ ನೇರ ಬಿಸಿಲು ಸುಮಾರು 2,000 ಇರುತ್ತದೆ. ನಮಗೆ ಬೇಕಾಗುವುದು ಅದರ ಒಂದು ತುಣುಕು ಮಾತ್ರ.

ಲುಮೆನ್ ಮತ್ತು ಲಕ್ಸ್ ಮನುಷ್ಯರ ಕಣ್ಣಿನ ಅಳತೆಗಳು. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಖರ, ನೀಲಿ ಮಂಕು. ಹವಳದ ದೀಪದಲ್ಲಿ ಇರುವುದು ಬಹುಪಾಲು ನೀಲಿ. ಹಾಗಾಗಿ ಲಕ್ಸ್ ಮೀಟರ್ ಕಡಿಮೆ ತೋರಿಸಿತೆಂದು ದೀಪ ಏರಿಸಿದವರು ಹವಳ ಸುಟ್ಟುಕೊಂಡದ್ದುಂಟು. ವ್ಯಾಟ್ ಎಂಬುದು ಬಿಲ್ಲಿನ ಲೆಕ್ಕ. ಒಂದು ಲೀಟರಿಗೆ ಇಷ್ಟು ವ್ಯಾಟ್ ಎಂಬ ಸೂತ್ರ ಟ್ಯೂಬ್‌ಲೈಟ್ ಕಾಲದ್ದು, ಅದನ್ನು ಈಗ ಮರೆಯಬಹುದು. ಕೆಲ್ವಿನ್ ಬಣ್ಣದ ಅಂದಾಜು ಕೊಡುತ್ತದೆ ಅಷ್ಟೆ: 6,500 ಹಗಲಿನ ಬಿಳುಪು, 14,000 ನೀಲಿ ಛಾಯೆಯ ಬಿಳಿ, 20,000 ಗಾಢ ನೀಲಿ.

ಒಳ್ಳೆಯ ತಯಾರಕರು ಇಷ್ಟು ಎತ್ತರದಿಂದ, ಇಷ್ಟು ಆಳದಲ್ಲಿ, ಇಷ್ಟು ಪಾರ್ ಎಂಬ ನಕ್ಷೆಯನ್ನೇ ಕೊಡುತ್ತಾರೆ. ಆ ನಕ್ಷೆಯಿಲ್ಲದ ದೀಪದ ಬಗ್ಗೆ ಅಂಗಡಿಯವರು ಏನು ಹೇಳಿದರೂ ಅದು ಅವರ ಅಭಿಪ್ರಾಯ.

ಯಾವ ಹವಳಕ್ಕೆ ಎಷ್ಟು ಪಾರ್ ಬೇಕು?

ಅಣಬೆ ಹವಳ, ಅಂದರೆ ಮಶ್ರೂಮ್, 30ರಿಂದ 80ರೊಳಗೆ ಸುಖವಾಗಿರುತ್ತದೆ. ಹೆಚ್ಚು ಬೆಳಕಿನಲ್ಲಿ ಮುದುಡಿಕೊಳ್ಳುತ್ತದೆ, ಕೆಲವೊಮ್ಮೆ ಕಲ್ಲು ಬಿಟ್ಟು ನೆರಳು ಹುಡುಕಿಕೊಂಡು ಹೋಗುತ್ತದೆ. ಲೆದರ್ ಕೋರಲ್, ಕೀನ್ಯಾ ಟ್ರೀ, ಹಸಿರು ಹುಲ್ಲಿನ ಹಾಸಿನಂತೆ ಹಬ್ಬುವ ಸ್ಟಾರ್ ಪಾಲಿಪ್, ಗುಂಡಿಗುಂಡಿಯಾಗಿ ಅರಳುವ ಝೋಯಾಂಥಿಡ್ ಇವಕ್ಕೆ 60ರಿಂದ 150. ಝೋಯಾಂಥಿಡ್ ಜಾತಿಯ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರುತ್ತದೆ. ಕೈಗವಸು ಹಾಕಿಕೊಂಡು ಮುಟ್ಟಿ, ಅದು ಹಬ್ಬಿದ ಕಲ್ಲನ್ನು ಎಂದಿಗೂ ಬಿಸಿನೀರಿನಲ್ಲಿ ಕುದಿಸಬೇಡಿ.

ಸುಣ್ಣದ ಗೂಡು ಕಟ್ಟುವ, ಮಾಂಸಲ ಬಾಯಿಗಳ ಗಟ್ಟಿ ಹವಳಗಳನ್ನು ಎಲ್‌ಪಿಎಸ್ ಎನ್ನುತ್ತಾರೆ. ಹ್ಯಾಮರ್, ಟಾರ್ಚ್, ಡಂಕನ್, ಕ್ಯಾಂಡಿ ಕೇನ್ ಈ ಗುಂಪಿನವು. ಇವಕ್ಕೆ 75ರಿಂದ 150. ಚಿಕ್ಕ ಬಾಯಿಗಳ ಎಸ್‌ಪಿಎಸ್, ಅಂದರೆ ಅಕ್ರೋಪೋರಾ, ಮೊಂಟಿಪೋರಾ ಮುಂತಾದವಕ್ಕೆ 200ರಿಂದ 350.

ಇವು ಗೆರೆ ಎಳೆದ ಸಂಖ್ಯೆಗಳಲ್ಲ. ಅದೇ ಜಾತಿಯ ಹವಳ ಮೂರು ಮೀಟರ್ ಆಳದಿಂದ ಬಂದಿದ್ದರೆ ಒಂದು ರೂಢಿ, ಇಪ್ಪತ್ತು ಮೀಟರಿನಿಂದ ಬಂದಿದ್ದರೆ ಇನ್ನೊಂದು. ಹೊಸಬರು ಇಡೀ ತೊಟ್ಟಿಯಲ್ಲಿ 50ರಿಂದ 150ರವರೆಗೆ ಬೆಳಕು ಸಿಗುವಂತೆ ನೋಡಿಕೊಂಡರೆ, ಮೇಲೆ ಹೇಳಿದ ಎಸ್‌ಪಿಎಸ್ ಬಿಟ್ಟು ಉಳಿದುದಕ್ಕೆಲ್ಲ ಒಂದೊಂದು ಜಾಗ ಸಿಕ್ಕೇ ಸಿಗುತ್ತದೆ.

ಹವಳದ ತೊಟ್ಟಿಗಳೆಲ್ಲ ಏಕೆ ಅಷ್ಟು ನೀಲಿ?

ಸಮುದ್ರವೇ ಹಾಗಿರುವುದರಿಂದ. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಝೂಕ್ಸಾಂಥೆಲೇಯ ವರ್ಣದ್ರವ್ಯಗಳೂ ನೀಲಿಯನ್ನೇ ಚೆನ್ನಾಗಿ ಹೀರುತ್ತವೆ.

ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬವೆಂದು ನೂರು ವರ್ಷಗಳ ಹಿಂದೆ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಒಂದು ಪುಟ್ಟ ನಿಕೋಲ್ ಪಟ್ಟಕ ಹಿಡಿದು ಆಕಾಶದ ಪ್ರತಿಫಲನವನ್ನು ಮರೆಮಾಡಿ ನೋಡಿದರು. ಸಮುದ್ರ ಆಗಲೂ ನೀಲಿಯಾಗಿಯೇ ಇತ್ತು. ನೀರಿನ ಅಣುಗಳೇ ಬೆಳಕನ್ನು ಚೆದುರಿಸುತ್ತವೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಅವರು ನಮ್ಮ ಊರಿನವರೇ ಆದರು. ಅವರು ನಿರ್ದೇಶಕರಾಗಿದ್ದ ಟಾಟಾ ಇನ್‌ಸ್ಟಿಟ್ಯೂಟ್ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್) ಕಡೆಗೆ ಹೋಗುವಾಗ ನನಗೆ ನನ್ನ ತೊಟ್ಟಿಯೇ ನೆನಪಾಗುತ್ತದೆ, ಏನು ಮಾಡಲಿ.

ನೀಲಿಯ ಇನ್ನೊಂದು ಕಾರಣ ನಮ್ಮ ಕಣ್ಣಿನ ಚಪಲ. ಹವಳಗಳಲ್ಲಿ ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ, ಕೆಂಪು ಬೆಳಕನ್ನು ಹೊರಬಿಡುವ ಪ್ರೋಟೀನುಗಳಿವೆ. ಜೀವಕೋಶಗಳ ಸಂಶೋಧನೆಯಲ್ಲಿ ಇಂದು ಬಳಕೆಯಲ್ಲಿರುವ ಒಂದು ಹೆಸರಾಂತ ಕೆಂಪು ಪ್ರೋಟೀನು ಡಿಸ್ಕೋಸೋಮಾ ಎಂಬ ಅಣಬೆ ಹವಳದಿಂದಲೇ ಸಿಕ್ಕಿದ್ದು, 1999ರಲ್ಲಿ. ಬರೀ ನೀಲಿ ಹಚ್ಚಿದಾಗ ಹವಳ ಕೆಂಡದಂತೆ ಹೊಳೆಯುವುದು ಇಂಥ ಪ್ರೋಟೀನುಗಳಿಂದ.

ನೀಲಿ ಮತ್ತು ಗಾಢ ನೀಲಿ ಎರಡೂ ಸೇರಿ ದೀಪದ ಬಹುಭಾಗವಿರಲಿ, ಸ್ವಲ್ಪ ನೇರಳೆ, ಕಣ್ಣಿಗೆ ಹಿತವಾಗುವಷ್ಟು ಬಿಳಿ ಇರಲಿ. ಕೆಂಪು, ಹಸಿರು ಚಾನೆಲ್‌ಗಳು, ಅಂದರೆ ಬೇರೆಯಾಗಿ ಏರಿಸಿ ಇಳಿಸಬಹುದಾದ ಬಣ್ಣಗಳು, ಇದ್ದರೆ ಐದು ಶೇಕಡಾ ಸಾಕು.

ಎಲ್‌ಇಡಿ, ಟಿ5, ಮೆಟಲ್ ಹಾಲೈಡ್ ಇವುಗಳಲ್ಲಿ ಯಾವುದು?

ಎಲ್‌ಇಡಿ.

ಒಂದೇ ಮಾತಿನಲ್ಲಿ ಮುಗಿಸಿದರೆ ಹಳಬರು ಕೋಪಿಸಿಕೊಳ್ಳುತ್ತಾರೆ, ಆದ್ದರಿಂದ ಇನ್ನೆರಡು ಮಾತು. ಟಿ5 ಎಂಬ ತೆಳು ಟ್ಯೂಬುಗಳು ಬೆಳಕನ್ನು ಸಮನಾಗಿ ಹಾಸುವುದರಲ್ಲಿ ಇಂದಿಗೂ ಎತ್ತಿದ ಕೈ. ನೆರಳು ಬೀಳುವುದೇ ಇಲ್ಲ. ಆದರೆ ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ ಟ್ಯೂಬುಗಳನ್ನೆಲ್ಲ ಬದಲಿಸಬೇಕು, ಮತ್ತು ಹವಳಕ್ಕೆ ಬೇಕಾದ ಬಣ್ಣದ ಟ್ಯೂಬು ನಮ್ಮಲ್ಲಿ ಬೇಕೆಂದಾಗ ಸಿಗುವುದಿಲ್ಲ. ಮೆಟಲ್ ಹಾಲೈಡ್ ದೀಪದಲ್ಲಿ ನೀರಿನ ಅಲೆಗಳ ನೆರಳು-ಬೆಳಕು ಮರಳಿನ ಮೇಲೆ ಕುಣಿಯುವುದನ್ನು ನೋಡಿದವರು ಮರೆಯುವುದಿಲ್ಲ. ಆದರೆ 150 ವ್ಯಾಟಿನ ಆ ದೀಪ ಏಪ್ರಿಲ್ ತಿಂಗಳಲ್ಲಿ ನಿಮ್ಮ ತೊಟ್ಟಿಯನ್ನು ಸಾರು ಮಾಡುತ್ತದೆ.

ಎಲ್‌ಇಡಿಯಲ್ಲಿ ಬಣ್ಣ, ತೀವ್ರತೆ, ಸಮಯ ಎಲ್ಲವನ್ನೂ ಮೊಬೈಲಿನಿಂದ ತಿದ್ದಬಹುದು. ಅದರ ದೋಷವೂ ಅದೇ. ತಿದ್ದಲು ಸಾಧ್ಯವಿದೆಯೆಂದು ಜನ ದಿನಾ ತಿದ್ದುತ್ತಾರೆ.

ಎರಡಡಿ ತೊಟ್ಟಿಗೆ ಎಷ್ಟು ದೀಪ? ಎಷ್ಟು ಎತ್ತರದಲ್ಲಿ?

ಮೃದು ಹವಳ ಮತ್ತು ಎಲ್‌ಪಿಎಸ್‌ಗೆ 50ರಿಂದ 100 ವ್ಯಾಟಿನ ಒಂದು ಒಳ್ಳೆಯ ಎಲ್‌ಇಡಿ ಸಾಕು. ಎಐ ಪ್ರೈಮ್, ರೆಡ್ ಸೀ ರೀಫ್‌ಎಲ್‌ಇಡಿ 90, ಕೆಸಿಲ್ ಎ360ಎಕ್ಸ್, ಇಕೋಟೆಕ್ ರೇಡಿಯಾನ್ ಎಕ್ಸ್‌ಆರ್15 ಇವು ಈ ವರ್ಗದಲ್ಲಿ ಎಲ್ಲರ ಬಾಯಲ್ಲಿರುವ ಹೆಸರುಗಳು. ಇವುಗಳಲ್ಲಿ ಯಾವುದನ್ನು ಹಾಕಿದರೂ ಹವಳ ಬೆಳೆಯುತ್ತದೆ. ಇವುಗಳ ನಡುವೆ ಯಾವುದು ಶ್ರೇಷ್ಠ ಎಂಬ ವಾದಕ್ಕೆ ಇಳಿಯುವವರಿಗೆ ಬಿಡುವು ಹೆಚ್ಚಿರಬೇಕು.

ನೀರಿನಿಂದ 20ರಿಂದ 30 ಸೆಂ.ಮೀ. ಮೇಲೆ ಕಟ್ಟಿ. ತೀರಾ ಕೆಳಗಿಟ್ಟರೆ ನಡುವೆ ಒಂದು ಕಡೆ ಬೆಂಕಿ, ಮೂಲೆಗಳಲ್ಲಿ ಕತ್ತಲೆ. ಮೇಲೆತ್ತಿದಷ್ಟೂ ಬೆಳಕು ಹರಡುತ್ತದೆ, ತೀವ್ರತೆ ಇಳಿಯುತ್ತದೆ, ಒಂದಿಷ್ಟು ಬೆಳಕು ಸೋಫಾದ ಮೇಲೂ ಚೆಲ್ಲುತ್ತದೆ. ನನ್ನ ತೊಟ್ಟಿಯಲ್ಲಿ ದೀಪ 25 ಸೆಂ.ಮೀ. ಎತ್ತರದಲ್ಲಿದೆ. ಈಗಿರುವ ಅಳವಡಿಕೆಯಲ್ಲಿ ಕಲ್ಲಿನ ತುದಿಯಲ್ಲಿ 170, ನಡುಗಲ್ಲಿನಲ್ಲಿ 110, ಮರಳಿನ ಮೇಲೆ 70, ಮುಂದಿನ ಎರಡು ಮೂಲೆಗಳಲ್ಲಿ 40 ಬರುತ್ತದೆ. ಮೂಲೆಗಳನ್ನು ಅಣಬೆಗಳಿಗೆ ಬಿಟ್ಟುಕೊಟ್ಟಿದ್ದೇನೆ. ಅವು ಇಲ್ಲಿಯವರೆಗೆ ತಕರಾರು ಮಾಡಿಲ್ಲ.

ತೊಟ್ಟಿ ಮೂರಡಿ ಉದ್ದವಾದರೆ ಒಂದು ದೊಡ್ಡ ದೀಪಕ್ಕಿಂತ ಎರಡು ಚಿಕ್ಕವು ಮೇಲು. ಎರಡು ಕಡೆಯಿಂದ ಬೆಳಕು ಬಿದ್ದಾಗ ಹವಳದ ಒಂದು ಮಗ್ಗುಲು ನೆರಳಿನಲ್ಲಿ ಸಾಯುವುದು ತಪ್ಪುತ್ತದೆ, ಮತ್ತು ಒಂದು ಕೆಟ್ಟರೆ ಇನ್ನೊಂದಿರುತ್ತದೆ.

ಕಡಿಮೆ ಬೆಲೆಯ ಚೀನಾ ದೀಪಗಳು ನಡೆಯುತ್ತವೆಯೇ?

ನಡೆಯುತ್ತವೆ. ಕಪ್ಪು ಡಬ್ಬಿಯಾಕಾರದ, ಎರಡು ಗುಂಡಿಗಳ ಎಲ್‌ಇಡಿಗಳ ಕೆಳಗೆ ಬೆಳೆದ ಸೊಗಸಾದ ತೊಟ್ಟಿಗಳನ್ನು ಕಂಡಿದ್ದೇನೆ. ಒಂದು ಗುಂಡಿ ನೀಲಿಗೆ, ಒಂದು ಬಿಳಿಗೆ. ನೀಲಿಯನ್ನು ಅರ್ಧದ ಆಸುಪಾಸಿಗೆ, ಬಿಳಿಯನ್ನು ಹತ್ತು–ಹದಿನೈದು ಶೇಕಡಾಕ್ಕೆ ಇಟ್ಟು ಶುರು ಮಾಡಿ. ಈ ದೀಪಗಳ ತೊಂದರೆ ಬೆಳಕು ಕಡಿಮೆಯಾಗುವುದಲ್ಲ, ಹೆಚ್ಚಾಗುವುದು. ಫ್ಯಾನ್ ಕಿರುಗುಟ್ಟುವುದು, ಅಡಾಪ್ಟರ್ ಎರಡು ವರ್ಷಕ್ಕೆ ಕೈಕೊಡುವುದು ಇದ್ದದ್ದೇ.

ಬೇಡವೆನ್ನುವುದು ಎರಡನ್ನು. ಗಿಡ ಬೆಳೆಸಲು ಮಾರುವ ಗುಲಾಬಿ ಬಣ್ಣದ ದೀಪ, ಮತ್ತು ಕಟ್ಟಡದ ಹೊರಗೆ ಹಾಕುವ ಬಿಳಿ ಫ್ಲಡ್‌ಲೈಟ್. ಎರಡನೆಯದನ್ನು ನಾನು ಪ್ರಯೋಗ ಮಾಡಿ ನೋಡಿದ್ದೇನೆ. ಪಾಚಿಯ ಬೆಳೆ ಚೆನ್ನಾಗಿ ಬಂತು.

ಕಿಟಕಿಯ ಬಿಸಿಲು ಬಿಟ್ಟಿ ಸಿಗುವಾಗ ದೀಪ ಏಕೆ?

ಬಿಸಿಲು ನಿಮ್ಮ ಮಾತು ಕೇಳುವುದಿಲ್ಲ. ಮಾರ್ಚಿಯಲ್ಲಿ ಅತಿ, ಆಷಾಢದಲ್ಲಿ ಇಲ್ಲ, ಮತ್ತು ಪಕ್ಕದ ಗಾಜಿನಿಂದ ಬಿದ್ದಾಗ ನೀರು ಕಾಯುತ್ತದೆ. ತೊಟ್ಟಿಯನ್ನು ನೇರ ಬಿಸಿಲು ಬೀಳದ ಗೋಡೆಗಿಡಿ.

ದಿನಕ್ಕೆ ಎಷ್ಟು ಗಂಟೆ ಉರಿಸಬೇಕು?

ಎಂಟರಿಂದ ಹತ್ತು ಗಂಟೆ. ನನ್ನದು ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತದೆ, ಮೊದಲ ಮತ್ತು ಕೊನೆಯ ಒಂದೊಂದು ಗಂಟೆ ಮೆಲ್ಲಗೆ ಏರಿಳಿತ. ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ನೀವು ಕಚೇರಿಯಿಂದ ಬರುವಷ್ಟರಲ್ಲಿ ಹವಳ ಮಲಗಿರುತ್ತದೆ. ದುಡ್ಡು ಕೊಟ್ಟವರು ನೋಡಬೇಡವೇ?

ಗಂಟೆ ಮತ್ತು ತೀವ್ರತೆ ಒಂದಕ್ಕೊಂದು ಗುಣಾಕಾರ. ನೂರು ಪಾರ್ ಒಂಬತ್ತು ಗಂಟೆ ಬಿದ್ದರೂ ನೂರೈವತ್ತು ಪಾರ್ ಆರು ಗಂಟೆ ಬಿದ್ದರೂ ದಿನದ ಒಟ್ಟು ಬೆಳಕು ಒಂದೇ. ದೀಪ ದುರ್ಬಲವೆನಿಸಿದರೆ ಹೊಸದು ಕೊಳ್ಳುವ ಮೊದಲು ಒಂದು ಗಂಟೆ ಹೆಚ್ಚಿಸಿ ನೋಡಿ. ಹನ್ನೆರಡು ಗಂಟೆ ದಾಟಿಸಬೇಡಿ. ಹವಳಕ್ಕೂ ಕತ್ತಲೆ ಬೇಕು.

ರಾತ್ರಿಯಿಡೀ ಬೆಳದಿಂಗಳಿನಂಥ ನೀಲಿ ದೀಪ ಬೇಕೇ?

ಬೇಡ.

ಹೊಸ ಹವಳ ತಂದ ದಿನ ದೀಪವನ್ನು ಏನು ಮಾಡಬೇಕು?

ಇಡೀ ಬರಹದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಹೊಸಬರ ಹವಳಗಳು ಬೆಳಕು ಸಾಲದೆ ಸಾಯುವುದಕ್ಕಿಂತ ಬೆಳಕು ಹೆಚ್ಚಾಗಿ ಸಾಯುವುದೇ ಹೆಚ್ಚು. ನಾನು ನೋಡಿದ ಹತ್ತು ಸಾವುಗಳಲ್ಲಿ ಏಳೆಂಟು ಇಂಥವು.

ನಿಮ್ಮ ಹವಳ ಒಂದೆರಡು ದಿನ ಕತ್ತಲ ಚೀಲದಲ್ಲಿ ವಿಮಾನದಲ್ಲಿ ಬಂದಿರುತ್ತದೆ. ಅದಕ್ಕೂ ಮೊದಲು ಅಂಗಡಿಯ ಮಂಕು ನೀಲಿಯಲ್ಲಿ ವಾರಗಟ್ಟಲೆ ಕಳೆದಿರುತ್ತದೆ. ಅದನ್ನು ತಂದು ಕಲ್ಲಿನ ತುದಿಗೆ ಏರಿಸಿ ದೀಪವನ್ನು ಪೂರ್ತಿ ಹಚ್ಚುವುದೆಂದರೆ, ಕತ್ತಲಕೋಣೆಯಿಂದ ಎಬ್ಬಿಸಿದವರನ್ನು ನಡುಹಗಲಿನಲ್ಲಿ ಬಳ್ಳಾರಿಯ ಬಯಲಿಗೆ ನಿಲ್ಲಿಸಿದಂತೆ. ಒಳಗಿನ ಪಾಚಿ ತಾಳಲಾರದಷ್ಟು ಬೆಳಕು ಬಿದ್ದಾಗ ಹವಳದ ಅಂಗಾಂಶವನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಹವಳ ಬೇರೆ ದಾರಿಯಿಲ್ಲದೆ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ದಿಬ್ಬಗಳಲ್ಲಿ 1998, 2010 ಮತ್ತು 2016ರಲ್ಲಿ ಸಮುದ್ರ ಕಾದಾಗ ಆದದ್ದೂ ಇದೇ ಬಿಳಿಚುವಿಕೆ. ಅಲ್ಲಿ ಶಾಖ ಮುಂದೆ, ಬೆಳಕು ಹಿಂದೆ. ನಮ್ಮ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಅದಲುಬದಲು.

ನನ್ನ ಮೊದಲ ಹ್ಯಾಮರ್ ನಾಲ್ಕು ದಿನದಲ್ಲಿ ಹೋಯಿತು. ಮೊದಲ ದಿನ ಬಾಯಿ ತೆರೆಯಲಿಲ್ಲ. ಬೆಳಕು ಸಾಲದೇನೋ ಎಂದುಕೊಂಡು ಎರಡನೆಯ ದಿನ ಇನ್ನಷ್ಟು ಏರಿಸಿದೆ. ಕೊಟ್ಟ ಅಂಗಡಿಯವರನ್ನು ಕೇಳಿದರೆ ಅವರೂ ಏರಿಸಿ ಎಂದರು. ನಾಲ್ಕನೆಯ ದಿನ ಬಿಳಿ ಗೂಡು ಮಾತ್ರ ಉಳಿದಿತ್ತು. ಅದನ್ನು ಇಂದಿಗೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಈಗ ಮಾಡುವುದು ಇಷ್ಟು. ಹೊಸ ಹವಳ ಮೊದಲು ಮರಳಿನ ಮೇಲೆ ಕೂರುತ್ತದೆ. ಅದು ಅಲ್ಲಿ ಒಂದು ವಾರ ಚೆನ್ನಾಗಿ ಅರಳಿದರೆ ಒಂದು ಮೆಟ್ಟಿಲು ಮೇಲೆ. ಮತ್ತೆ ಒಂದು ವಾರ, ಮತ್ತೆ ಒಂದು ಮೆಟ್ಟಿಲು. ದೀಪವೇ ಹೊಸದಾದರೆ ಪಾರ್ ನಕ್ಷೆ ನೋಡಿ ಬೇಕಾದುದರ ಅರ್ಧದಿಂದ ಶುರು ಮಾಡಿ, ವಾರಕ್ಕೆ ಐದರಿಂದ ಹತ್ತು ಶೇಕಡಾದಂತೆ ನಾಲ್ಕರಿಂದ ಆರು ವಾರ ಏರಿಸುತ್ತೇನೆ. ಹಲವು ದೀಪಗಳ ಆಪ್‌ನಲ್ಲಿ ಇದನ್ನು ತಾನಾಗಿಯೇ ಮಾಡುವ ವ್ಯವಸ್ಥೆಯಿದೆ. ಹಳೆಯ ಟಿ5 ಟ್ಯೂಬು ಬದಲಿಸಿದಾಗಲೂ ಈ ಎಚ್ಚರ ಬೇಕು. ಹೊಸ ಟ್ಯೂಬು ಹಳೆಯದಕ್ಕಿಂತ ಬಹಳ ಪ್ರಖರ.

ಬೆಳಕು ಕಡಿಮೆಯೋ ಹೆಚ್ಚೋ ಎಂದು ಹವಳ ನೋಡಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು, ಆದರೆ ಹವಳ ನಿಧಾನವಾಗಿ ಮಾತಾಡುತ್ತದೆ. ಬೆಳಕು ಕಡಿಮೆಯಾದಾಗ ಕಾಂಡ ಉದ್ದವಾಗಿ ದೀಪದತ್ತ ಚಾಚುತ್ತದೆ, ಕತ್ತಲೆಯಲ್ಲಿ ಮೊಳೆತ ಹುರುಳಿಯಂತೆ. ಬಣ್ಣ ಕಂದು ತಿರುಗುತ್ತದೆ, ಏಕೆಂದರೆ ಸಿಕ್ಕ ಅಲ್ಪ ಬೆಳಕನ್ನು ಹಿಡಿಯಲು ಒಳಗಿನ ಪಾಚಿ ಹೆಚ್ಚುತ್ತದೆ. ಇದಕ್ಕೆ ವಾರಗಳು ಬೇಕು, ಆದ್ದರಿಂದ ಸರಿಪಡಿಸಲು ನಿಮಗೂ ಸಮಯವಿದೆ.

ಹೆಚ್ಚಾದಾಗ ಲಕ್ಷಣಗಳು ಬೇಗ ಕಾಣುತ್ತವೆ. ನಡುಹಗಲಲ್ಲಿ ಮುದುಡಿ, ದೀಪ ಮಂಕಾದ ಮೇಲೆ ಅರಳುವುದು ಮೊದಲ ಸುಳಿವು. ಆಮೇಲೆ ದೀಪಕ್ಕೆ ಮುಖ ಮಾಡಿದ ಭಾಗ ಮಾತ್ರ ಬಿಳಿಚುತ್ತದೆ, ನೆರಳಿನ ಮಗ್ಗುಲು ಬಣ್ಣ ಉಳಿಸಿಕೊಂಡಿರುತ್ತದೆ. ಇಡೀ ಹವಳ ಒಂದೇ ಸಮನೆ ಬಿಳಿಚಿದರೆ ದೀಪದ ಜೊತೆ ತಾಪಮಾನವನ್ನೂ ಲವಣಾಂಶವನ್ನೂ ಪರೀಕ್ಷಿಸಿ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾಗಿದ್ದರೂ ಹವಳ ಪೇಲವವಾಗುತ್ತದೆ. ನೀರು ಅತಿ ಶುದ್ಧವಾಗಿರಬೇಕೆಂಬ ಮಡಿವಂತಿಕೆ ಇಲ್ಲಿ ಕೆಲಸಕ್ಕೆ ಬಾರದು.

ಒಂದು ಬದಲಾವಣೆ ಮಾಡಿದ ಮೇಲೆ ಎರಡು ವಾರ ಕೈಕಟ್ಟಿ ಕೂರಿ.

ಪಾರ್ ಮೀಟರ್ ಕೊಳ್ಳಲೇಬೇಕೇ? ಮೊಬೈಲ್ ಆಪ್ ಸಾಲದೆ?

ಅಪೋಜಿ ಕಂಪನಿಯ ನೀರಿನೊಳಗಿನ ಮೀಟರ್ ಒಳ್ಳೆಯದು, ಆದರೆ ಅದರ ಬೆಲೆಯಲ್ಲಿ ಇನ್ನೊಂದು ದೀಪವೇ ಬರುತ್ತದೆ. ವರ್ಷಕ್ಕೆ ಎರಡು ಸಲ ಬೇಕಾಗುವ ವಸ್ತು. ನಾಲ್ಕೈದು ಗೆಳೆಯರು ಸೇರಿ ಕೊಳ್ಳಿ, ಇಲ್ಲವೇ ಇದ್ದವರಿಂದ ಒಂದು ಭಾನುವಾರ ಎರವಲು ತನ್ನಿ. ನಾವು ಮದುವೆಯ ದೊಡ್ಡ ಪಾತ್ರೆಗಳನ್ನು ಹಾಗೆಯೇ ತರುತ್ತಿದ್ದೆವಲ್ಲ.

ಮೊಬೈಲ್ ಆಪ್ ಗಾಢ ನೀಲಿಯ ಕೆಳಗೆ ತಪ್ಪುತ್ತದೆ. ಈ ಮೂಲೆ ಆ ಮೂಲೆಗಿಂತ ಮಂಕೇ ಎಂದು ಹೋಲಿಸಲು ಬಳಸಬಹುದು, ಸಂಖ್ಯೆಯನ್ನು ನಂಬಬಾರದು. ಮೊಬೈಲನ್ನು ನೀರಿಗೆ ಇಳಿಸುವ ಸಾಹಸ ನಿಮ್ಮ ಜವಾಬ್ದಾರಿ.

ಗಾಜಿನ ತುಂಬ ಪಾಚಿ. ದೀಪ ಆರಿಸಿಬಿಡಲೇ?

ಹೊಸ ತೊಟ್ಟಿಯಲ್ಲಿ ಮೊದಲ ನಾಲ್ಕೈದು ತಿಂಗಳು ಕಂದು ಪುಡಿ, ಆಮೇಲೆ ಹಸಿರು ಕೂದಲು ಬರುವುದು ಸಹಜ. ಪಾಚಿಗೆ ಬೆಳಕು ಬೇಕು ನಿಜ, ಆದರೆ ಅದು ತಿನ್ನುವುದು ನೀವು ಹೆಚ್ಚಾಗಿ ಹಾಕಿದ ಮೀನಿನ ಆಹಾರದ ಫಾಸ್ಫೇಟನ್ನು. ನಲ್ಲಿ ಅಥವಾ ಬೋರ್‌ವೆಲ್ ನೀರು ಹಾಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ ಸೋಸಿ ಲವಣಗಳನ್ನೆಲ್ಲ ತೆಗೆದ ಆರ್‌ಒ ಡಿಐ ನೀರಿಗೆ ಬನ್ನಿ. ದೀಪವನ್ನು ಒಂದೆರಡು ಗಂಟೆ ಕಡಿಮೆ ಮಾಡಬಹುದು, ಬಿಳಿ ಚಾನೆಲ್ ತಗ್ಗಿಸಬಹುದು. ಹವಳ ಇನ್ನೂ ಇಡದ ತೊಟ್ಟಿಯಾದರೆ ದೀಪ ಹಚ್ಚುವ ಅಗತ್ಯವೇ ಇಲ್ಲ. ಜನ ಖಾಲಿ ಕಲ್ಲಿಗೆ ಹತ್ತು ಗಂಟೆ ದೀಪ ಉರಿಸಿ ಪಾಚಿಯನ್ನು ತಾವೇ ಸಾಕುತ್ತಾರೆ.

ಕರೆಂಟ್ ಹೋದರೆ? ದೀಪವನ್ನು ಯುಪಿಎಸ್‌ಗೆ ಹಾಕಬೇಕೇ?

ಹಾಕಬೇಡಿ. ಮೋಡ ಕವಿದ ದಿನಗಳು ಸಮುದ್ರದಲ್ಲೂ ಇರುತ್ತವೆ. ಎರಡು ಮೂರು ದಿನ ದೀಪವಿಲ್ಲದೆ ಹವಳ ತಡೆದುಕೊಳ್ಳುತ್ತದೆ. ತಡೆದುಕೊಳ್ಳದ್ದು ನಿಂತ ನೀರನ್ನು. ಅಲೆಯೆಬ್ಬಿಸುವ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿದು ಮೊದಲು ಮೀನು ಹೋಗುತ್ತದೆ. ಯುಪಿಎಸ್‌ನ ಬ್ಯಾಟರಿಯೆಲ್ಲ ಆ ಪಂಪಿಗೆ ಮೀಸಲು. ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದಿರಲಿ.

ಕರೆಂಟ್ ಮರಳಿ ಬರುವಾಗಿನ ಹೊಡೆತ ದೀಪದ ಅಡಾಪ್ಟರಿಗೆ ಅಪಾಯ. ಸರ್ಜ್ ರಕ್ಷಣೆಯ ಪ್ಲಗ್‌ಬೋರ್ಡ್ ಬಳಸಿ. ಗಡಿಯಾರದ ನೆನಪಿಲ್ಲದ ಅಗ್ಗದ ಟೈಮರ್‌ಗಳು ಪ್ರತಿ ಸಲ ಕರೆಂಟ್ ಹೋದಾಗ ಹಿಂದೆ ಬೀಳುತ್ತವೆ. ನನ್ನದೊಂದು ಒಂದು ಮಳೆಗಾಲದ ಕೊನೆಗೆ ರಾತ್ರಿ ಒಂದು ಗಂಟೆಗೆ ಮಧ್ಯಾಹ್ನ ಮಾಡುತ್ತಿತ್ತು.

ವಿದ್ಯುತ್ ಬಿಲ್ ಎಷ್ಟು ಏರುತ್ತದೆ?

80 ವ್ಯಾಟಿನ ದೀಪ ದಿನಕ್ಕೆ ಒಂಬತ್ತು ಗಂಟೆ ಪೂರ್ತಿ ಉರಿದರೆ ತಿಂಗಳಿಗೆ ಸುಮಾರು 22 ಯೂನಿಟ್. ನೀವು ಅರ್ಧದಲ್ಲಿ ಓಡಿಸುವುದರಿಂದ ಅಷ್ಟೂ ಆಗುವುದಿಲ್ಲ. ಹಗಲಿರುಳು ಓಡುವ 20 ವ್ಯಾಟಿನ ಪಂಪು 14 ಯೂನಿಟ್ ತಿನ್ನುತ್ತದೆ. ನಿಜವಾದ ಬಕಾಸುರ ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್. ಗೃಹಜ್ಯೋತಿಯ ಫಲಾನುಭವಿಗಳು ಒಂದು ಗಮನಿಸಿ: ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ನಮ್ಮ ಮನೆಯಲ್ಲಿ ಬೇಸಿಗೆಯ ಆ ತಿಂಗಳು ತೊಟ್ಟಿಯ ಬಗ್ಗೆ ಮಾತು ಕಡಿಮೆ.

ಬೇಸಿಗೆಯಲ್ಲಿ ದೀಪದಿಂದ ನೀರು ಕಾಯುವುದಿಲ್ಲವೇ?

ಎಲ್‌ಇಡಿಯ ಶಾಖ ಬಹುಪಾಲು ಹಿಂಬದಿಯ ಲೋಹದ ರೆಕ್ಕೆಗಳ ಮೂಲಕ ಮೇಲಕ್ಕೆ ಹೋಗುತ್ತದೆ. ನೀರು 24ರಿಂದ 26 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಅದು 29ಕ್ಕೆ ಏರುವುದು ಕೋಣೆಯ ಸೆಕೆಯಿಂದ. ಬೆಂಗಳೂರಿನಂಥ ಒಣಹವೆಯ ಊರಿನಲ್ಲಿ ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆರಿದ ನೀರಿನ ಬದಲಿಗೆ ಸಿಹಿನೀರು ತುಂಬುತ್ತಿದ್ದರಾಯಿತು. ಮಂಗಳೂರು, ಉಡುಪಿ, ಕಾರವಾರದ ತೇವದಲ್ಲಿ ಫ್ಯಾನಿನ ಆಟ ಅಷ್ಟು ನಡೆಯದು. ಅಲ್ಲಿ ಚಿಲ್ಲರ್ ಅಥವಾ ಎ.ಸಿ.ಯ ಖರ್ಚನ್ನು ದೀಪಕ್ಕಿಂತ ಮೊದಲು ಎಣಿಸಿ. ಸೆಕೆಯ ವಾರಗಳಲ್ಲಿ ದೀಪವನ್ನು ಹತ್ತು ಶೇಕಡಾ ತಗ್ಗಿಸುವುದೂ ಒಳ್ಳೆಯದು, ಏಕೆಂದರೆ ಶಾಖ ಮತ್ತು ಬೆಳಕು ಜೊತೆಗೂಡಿದಾಗಲೇ ಬಿಳಿಚುವಿಕೆ ಬೇಗ ಬರುತ್ತದೆ.

ಉಪ್ಪುನೀರು ಮತ್ತು ಕರೆಂಟ್ ಅಕ್ಕಪಕ್ಕ ಇರುವುದು ಭಯವಾಗುತ್ತದೆ.

ಭಯವಿರಲಿ. ಪ್ಲಗ್‌ಬೋರ್ಡ್ ತೊಟ್ಟಿಯ ಕೆಳಗೆ ಬೇಡ, ಪಕ್ಕದ ಗೋಡೆಯಲ್ಲಿ ಎತ್ತರಕ್ಕಿರಲಿ. ತಂತಿ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಇಳಿದು ಬಳಸಿ ಮೇಲೇರಬೇಕು. ಆಗ ಜಾರಿಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಅಲ್ಲ. ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿಕೊಂಡೇ ತೊಟ್ಟಿ ತನ್ನಿ. ದೀಪದ ಕೆಳಗಿನ ಗಾಜಿಗೆ ಅಂಟಿದ ಉಪ್ಪಿನ ಪೊರೆಯನ್ನು ವಾರಕ್ಕೊಮ್ಮೆ, ದೀಪ ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಪೊರೆ ಬೆಳಕನ್ನೂ ಕದಿಯುತ್ತದೆ, ಲೋಹವನ್ನೂ ತಿನ್ನುತ್ತದೆ.

ಅಂಗಡಿಯ ಫೋಟೋದಲ್ಲಿ ಹವಳ ಕಾಮನಬಿಲ್ಲಿನಂತಿತ್ತು, ಮನೆಗೆ ಬಂದಾಗ ಮಾಸಿದೆ. ದೀಪದ ತಪ್ಪೇ?

ಫೋಟೋದ ತಪ್ಪು. ಬರೀ ನೀಲಿಯಲ್ಲಿ, ಹಳದಿ ಫಿಲ್ಟರ್ ಹಿಡಿದು ತೆಗೆದರೆ ಕಂದು ಹವಳವೂ ಮದುಮಗಳಾಗುತ್ತದೆ. ಕೊಳ್ಳುವ ಮೊದಲು ಬಿಳಿ ಬೆಳಕಿನಲ್ಲಿ ತೆಗೆದ ಚಿತ್ರ ಕೇಳಿ.

ದೀಪಕ್ಕೆ ಇಷ್ಟು ಸುರಿದಿದ್ದೇನೆ. ಹವಳವನ್ನು ನಮ್ಮ ಕರಾವಳಿಯಿಂದಲೇ ತಂದರೆ ಆಗದೇ?

ಆಗದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಸುತ್ತ ಹವಳಗಳಿವೆ. ಮುಳುಗಿ ನೋಡಿ ಬನ್ನಿ. ಗಟ್ಟಿ ಹವಳ, ಕಪ್ಪು ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ದಡಕ್ಕೆ ಬಿದ್ದ ಸತ್ತ ತುಂಡನ್ನು ಎತ್ತಿಕೊಳ್ಳುವುದೂ ತಪ್ಪು. ವಿದೇಶದಿಂದ ಬರುವ ಗಟ್ಟಿ ಹವಳಗಳು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, 2022ರ ತಿದ್ದುಪಡಿಯಿಂದ ಆ ಒಪ್ಪಂದವೂ ನಮ್ಮ ಕಾಯ್ದೆಯೊಳಗೆ ಬಂದಿದೆ. ಮಾರುವವರನ್ನು ಕಾಗದಪತ್ರ ಕೇಳಿ, ಸಿಡುಕಿದರೆ ಹಿಂದಿರುಗಿ. ಅಣಬೆ, ಝೋಯಾಂಥಿಡ್, ಲೆದರ್‌ಗಳು ಸೈಟಿಸ್ ಪಟ್ಟಿಯಲ್ಲಿಲ್ಲ. ಕಡಿಮೆ ಬೆಳಕು ಸಾಕೆನ್ನುವವೂ ಅವೇ, ಹವ್ಯಾಸಿಗಳು ಮನೆಯಲ್ಲೇ ಬೆಳೆಸಿ ಚಿಗುರು ಮುರಿದು ಹಂಚಿಕೊಳ್ಳುವವೂ ಅವೇ.

ಬಳಸಿದ ದೀಪವನ್ನು ಕೊಳ್ಳಬಹುದೇ?

ಖಂಡಿತ. ಈ ಹವ್ಯಾಸ ಬಿಡುವವರು ಬಹಳ, ಅವರು ಮೊದಲು ಮಾರುವುದು ದೀಪ. ಮನೆಗೇ ಹೋಗಿ, ಒಂದೊಂದು ಚಾನೆಲನ್ನೂ ಬೇರೆಯಾಗಿ ಹಚ್ಚಿಸಿ, ಆರಿದ ಎಲ್‌ಇಡಿ ಇದೆಯೇ ಎಂದು ಬಣ್ಣದ ಕನ್ನಡಕದ ಹಿಂದಿನಿಂದ ನೋಡಿ, ಬರಿಗಣ್ಣಿನಲ್ಲಿ ದಿಟ್ಟಿಸಬೇಡಿ. ಹತ್ತು ನಿಮಿಷ ಪೂರ್ತಿ ಉರಿಸಿ ಫ್ಯಾನಿನ ಸದ್ದು ಕೇಳಿ. ಸ್ಕ್ರೂಗಳ ಸುತ್ತ ಹಸಿರು ತುಕ್ಕಿದ್ದರೆ ಒಳಗೆ ಉಪ್ಪು ಹೋಗಿದೆ ಎಂದರ್ಥ, ಬಿಟ್ಟುಬಿಡಿ. ದೀಪ ಹಳೆಯ ಮಾಲೀಕರ ಆಪ್ ಖಾತೆಯಿಂದ ಕಳಚಿಕೊಂಡು ನಿಮ್ಮ ಮೊಬೈಲಿಗೆ ಸೇರಿಕೊಳ್ಳುವುದನ್ನು ಅವರೆದುರೇ ಖಚಿತಪಡಿಸಿಕೊಂಡು, ಆಮೇಲೆ ದುಡ್ಡು ಕೊಡಿ. ಬರುವಾಗ ತೂಗುಹಾಕುವ ಕಂಬಿಯನ್ನೂ ಕೇಳಿ ತೆಗೆದುಕೊಳ್ಳಿ. ದೀಪವಿಲ್ಲದೆ ಅವರಿಗೂ ಆ ಕಂಬಿಯಿಂದ ಏನೂ ಉಪಯೋಗವಿಲ್ಲ, ಬೇರೆಯಾಗಿ ಕೊಳ್ಳಲು ಹೋದರೆ ಬೆಲೆ ಕೇಳಿ ನೀವು ಬೆಚ್ಚಿಬೀಳುತ್ತೀರಿ.